ಖರಾಬು ಎಂದು ಬರೆದ ಗುಡ್ಡ

ಶಾಲೆಯಲ್ಲಿ ಕರ್ನಾಟಕದ ಭೂಗೋಳ ಮೂರು ಮಾತಿನಲ್ಲಿ ಮುಗಿಯುತ್ತದೆ. ಪಶ್ಚಿಮಕ್ಕೆ ಕರಾವಳಿ, ಅದರ ಬೆನ್ನಿಗೆ ಮಲೆನಾಡು, ಉಳಿದದ್ದೆಲ್ಲ ಮೈದಾನ. ಆ ಮೈದಾನವನ್ನು ಉತ್ತರ, ದಕ್ಷಿಣ ಎಂದು ಎರಡು ಭಾಗ ಮಾಡಿದರೆ ಪಾಠ ಮುಗಿಯಿತು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಈ ಲೆಕ್ಕದಲ್ಲಿ ‘ಉತ್ತರ ಮೈದಾನ’ದೊಳಗೆ ಬೀಳುತ್ತವೆ. ಇಲ್ಲಿ ಬಿಸಿಲಿದೆ, ತೊಗರಿ ಇದೆ, ಸಿಮೆಂಟ್ ಇದೆ. ಗುಡ್ಡ ಮಾತ್ರ ಇಲ್ಲ.

ಗುಡ್ಡ ಇದೆ. ಅದನ್ನು ಇಲ್ಲವೆಂದು ಕಲಿಸಿದ್ದು ಮಕ್ಕಳಿಗೆ ಸುಲಭವಾಗಲೆಂದು ಮಾಡಿದ ಸರಳೀಕರಣ ಮಾತ್ರವಲ್ಲ, ಅದಕ್ಕೊಂದು ಪರಿಣಾಮವಿದೆ ಎಂಬುದು ಈ ಬರಹದ ವಾದ. ಬಯಲು ಎಂದು ಕರೆದ ನೆಲವನ್ನು ಅಗೆಯುವುದು ಸುಲಭ. ಏನೂ ಇಲ್ಲದ ಕಡೆ ಅಗೆದರೆ ಏನು ಹೋದೀತು ಎಂಬ ಭಾವನೆ ಮೊದಲೇ ತಯಾರಾಗಿರುತ್ತದೆ. ಆ ಭಾವನೆಯನ್ನು ತಯಾರು ಮಾಡಿದವರಲ್ಲಿ ಸರ್ವೆಯವರು, ಕಂಪನಿಯವರು ಮಾತ್ರವಲ್ಲ, ಕನ್ನಡ ಸಾಹಿತ್ಯವನ್ನು ಓದುವ, ಓದಿಸುವ ನಾವೂ ಇದ್ದೇವೆ.

ಮೊದಲು ನೆಲವನ್ನು ನೋಡೋಣ. ಮಹಾರಾಷ್ಟ್ರದ ಹರಿಶ್ಚಂದ್ರಗಡದ ಹತ್ತಿರ ಸಹ್ಯಾದ್ರಿಯಿಂದ ಕವಲೊಡೆಯುವ ಹರಿಶ್ಚಂದ್ರ–ಬಾಲಾಘಾಟ್ ಸಾಲು ಆಗ್ನೇಯಕ್ಕೆ ಇಳಿಯುತ್ತ ಬರುತ್ತದೆ. ಬರುಬರುತ್ತ ತಗ್ಗಿ, ಚದುರಿ, ಬೀದರ್ ಮತ್ತು ಕಲಬುರಗಿಯ ಗಡಿಯಲ್ಲಿ ಕೆಂಪು ತಲೆಯ ಗುಡ್ಡಗಳಾಗಿ ನಿಲ್ಲುತ್ತದೆ. ಚಿಂಚೋಳಿಯ ಕಾಡು, ಗೊಟ್ಟಂಗೊಟ್ಟದ ಗುಡ್ಡ, ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಏರುಗಳು, ಎತ್ತಿಪೋತ ಜಲಪಾತ ಇರುವುದು ಈ ಎತ್ತರದಲ್ಲಿ. ಪೂರ್ವಕ್ಕೆ ಗಡಿ ದಾಟಿದರೆ ತೆಲಂಗಾಣದ ಅನಂತಗಿರಿ ಗುಡ್ಡಗಳು. ನಾವು ಕವಿತೆ ಬರೆದು ಪೂಜಿಸುವ ಸಹ್ಯಾದ್ರಿಯ ಒಂದು ಕೈ ನಾವು ಬಯಲು ಎನ್ನುವ ಈ ಸೀಮೆಯವರೆಗೆ ಚಾಚಿದೆ.

ಆರುನೂರು ಮೀಟರಿನ ಆಚೀಚೆ ಇರುವ ದಿಬ್ಬಗಳನ್ನು ಪರ್ವತ ಎನ್ನುವುದು ಅತಿಯಾಯಿತು ಎಂದು ಕೆಲವರು ನಗುತ್ತಾರೆ. ಮುಳ್ಳಯ್ಯನಗಿರಿಯ 1,900 ಮೀಟರ್ ಮುಂದಿಟ್ಟುಕೊಂಡು ಅಳೆದರೆ ನಗು ಬರುವುದು ಸಹಜ. ಆದರೆ ಗುಡ್ಡವನ್ನು ಎತ್ತರದಿಂದ ಮಾತ್ರ ಅಳೆಯುವುದು ಪ್ರವಾಸಿಗಳ ಪದ್ಧತಿ. ನೀರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಬೀದರಿನಿಂದ ಚಿಂಚೋಳಿಯ ಕಡೆಗೆ ಹಬ್ಬಿದ ಈ ಎತ್ತರದ ಉತ್ತರ ಮಗ್ಗುಲಿಗೆ ಬಿದ್ದ ಮಳೆ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ದಕ್ಷಿಣ ಮಗ್ಗುಲಿಗೆ ಬಿದ್ದದ್ದು ಮುಲ್ಲಾಮಾರಿಯಾಗಿ ಕಾಗಿಣಾ ಸೇರಿ, ಕಾಗಿಣಾ ಭೀಮೆಯನ್ನು ಸೇರಿ, ಕೃಷ್ಣೆಗೆ ಹೋಗುತ್ತದೆ. ದಕ್ಷಿಣ ಭಾರತದ ಎರಡು ದೊಡ್ಡ ನದಿಗಳ ನೀರನ್ನು ಬೇರ್ಪಡಿಸುವ ನೆಲವನ್ನು ಮೈದಾನ ಎಂದು ಕರೆಯಲು ತುಸು ಧೈರ್ಯವೇ ಬೇಕು.

ಇನ್ನು ನೆಲದ ಒಳಗೆ. ಶಹಾಬಾದಿನಿಂದ ಸೇಡಂ ಮೇಲೆ ಚಿಂಚೋಳಿಗೆ ಹೋಗುವ ದಾರಿ ಎಂದರೆ ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಏರುವ ದಾರಿ. ಕೆಳಗೆ ಭೀಮಾ ಜಲಾನಯನದ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಅದರ ಒಂದು ಪದರಕ್ಕೆ ಶಹಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ಕೋಟ್ಯಂತರ ವರ್ಷಗಳ ಹಿಂದೆ, ಪ್ರಾಣಿಗಳಿಗೆ ಚಿಪ್ಪು, ಎಲುಬು ಮೂಡುವುದಕ್ಕಿಂತ ಮೊದಲು, ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಕೂತ ಹೂಳೇ ಇಂದಿನ ಫರಸಿ. ಅದರ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಲಾವಾ ಹರಿದು ಕರಿಗಲ್ಲಾಯಿತು. ಆ ಕರಿಗಲ್ಲು ಬಿಸಿಲು ಮಳೆಗೆ ಮಾಗಿ ಗುಡ್ಡದ ನೆತ್ತಿಯಲ್ಲಿ ಜಂಬಿಟ್ಟಿಗೆಯಾಯಿತು. ಕಡಲು, ಬೆಂಕಿ, ಮಳೆ ಮೂರೂ ಒಂದರ ಮೇಲೊಂದು ಕೂತಿರುವ ಈ ಜಾಗವನ್ನು ಅರ್ಧ ದಿನದ ಬಸ್ ಪ್ರಯಾಣದಲ್ಲಿ ನೋಡಿ ಮುಗಿಸಬಹುದು. ನೋಡುವವರು ಬೇಕಷ್ಟೆ.

ಈ ಸುಣ್ಣದ ಕಲ್ಲಿನಲ್ಲಿ ಮನುಷ್ಯನ ಕೈಕೆಲಸ ಸಿಮೆಂಟಿನಿಂದ ಶುರುವಾದದ್ದಲ್ಲ. ಇದೇ ಭೀಮಾ ಸೀಮೆಯ ಸುರಪುರದ ಹತ್ತಿರ ಇಸಾಂಪುರ ಎಂಬ ಹಳ್ಳಿಯಿದೆ. ಅಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ಆದಿಮಾನವರು ಸುಣ್ಣದ ಕಲ್ಲನ್ನು ಎಬ್ಬಿಸಿ ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳ ಕಾಲನಿರ್ಣಯ ಅದನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಒಯ್ಯುತ್ತದೆ. ಚಿತ್ತಾಪುರ ಸೀಮೆಯ ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಅವಶೇಷದಲ್ಲಿ ‘ರಾಯ ಅಶೋಕ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿತು. ಆ ಸ್ತೂಪವನ್ನು ಹೊದಿಸಿದ್ದೂ ಇದೇ ಸೀಮೆಯ ಸುಣ್ಣದ ಕಲ್ಲು. ಸಾಮ್ರಾಟನ ಮುಖವನ್ನು ಉಳಿಸಿಕೊಂಡ ಕಲ್ಲಿನ ಮೇಲೆ ನಾವು ರೈಲಿನ ಪ್ಲಾಟ್‌ಫಾರಂಗಳಲ್ಲಿ ಚಪ್ಪಲಿ ಹಾಕಿ ನಡೆಯುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಅದು ಯಾವ ಕಲ್ಲು ಎಂದು ಗೊತ್ತಿಲ್ಲದಿರುವುದು ತಪ್ಪು.

ಕಾಗಿಣಾ ದಂಡೆಯ ಮಳಖೇಡವನ್ನು ಕನ್ನಡ ಎಂ.ಎ. ಮಾಡಿದವರೆಲ್ಲ ಬಲ್ಲರು. ಅದು ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆ ಎಂದು ಆ ಕೃತಿ ಹೇಳುವುದನ್ನು ನಾವು ನವೆಂಬರ್ ತಿಂಗಳಲ್ಲಿ ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಆದರೆ ಆ ಮಾತು ಯಾವ ನೆಲದ ಮೇಲೆ ನಿಂತು ಆಡಿದ್ದು ಎಂದು ಯಾರೂ ಕೇಳುವುದಿಲ್ಲ. ಗೋದಾವರಿಗೆ ಹೋಗುವ ನೀರು, ಕೃಷ್ಣೆಗೆ ಬರುವ ನೀರು ಬೇರೆಯಾಗುವ ಎತ್ತರದ ಕೆಳಗೆ, ಆ ಎತ್ತರದಿಂದ ಇಳಿದ ನೀರು ಹರಿಯುವ ಕಣಿವೆಯಲ್ಲಿ ಕೂತವರು ನಾಡಿನ ಎಲ್ಲೆಯನ್ನು ನದಿಗಳಿಂದ ಗುರುತಿಸಿದರು. ಇದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಆಗಿನವರಿಗೆ ನದಿ ಎಲ್ಲಿ ಹುಟ್ಟುತ್ತದೆ, ಎತ್ತ ತಿರುಗುತ್ತದೆ ಎಂಬುದು ರಾಜ್ಯದ ಲೆಕ್ಕವಾಗಿತ್ತು. ನಮಗೆ ಆ ಪದ್ಯದ ಛಂದಸ್ಸು ಗೊತ್ತು, ಅದರ ಭೂಗೋಳ ಗೊತ್ತಿಲ್ಲ.

ಚಿತ್ತಾಪುರದ ಪಕ್ಕದ ನಾಗಾವಿಯದೂ ಇದೇ ಕತೆ. ಅಲ್ಲಿಯ 1058ರ ಶಾಸನ ಒಂದು ಘಟಿಕಾಸ್ಥಾನವನ್ನು ವಿವರಿಸುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು. ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು. ಸಾವಿರ ವರ್ಷದ ಹಿಂದೆ ಗ್ರಂಥಾಲಯಕ್ಕೆ ಆರು ಜನರನ್ನು ನೇಮಿಸಿದ ಸೀಮೆಯನ್ನು ಇವತ್ತು ‘ಹಿಂದುಳಿದ ಭಾಗ’ ಎಂಬ ಒಂದೇ ವಿಶೇಷಣದಲ್ಲಿ ಮುಗಿಸುತ್ತೇವೆ. ಈ ಊರುಗಳು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಕನ್ನಡದ ವಿದ್ವತ್ತು ಇಲ್ಲಿಗೆ ತಡವಾಗಿ ಬಂತು ಎಂಬ ಸಮಜಾಯಿಷಿ ಇದೆ. ಆದರೆ ಪಿ.ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ತಂದದ್ದು 1958ರಲ್ಲೇ. ಅದಾಗಿ ಅರವತ್ತೈದು ವರ್ಷಗಳ ಮೇಲಾಯಿತು. ತಡವಾಯಿತು ಎಂಬ ನೆಪವೂ ಈಗ ಹಳೆಯದಾಗಿದೆ.

ನನ್ನ ಪಿಎಚ್.ಡಿ. ಕೆಲಸ ಈ ಸೀಮೆಯ ದಾನಶಾಸನಗಳಲ್ಲಿ ಬರುವ ನೆಲದ ಪದಗಳ ಮೇಲೆ. ದಾನ ಕೊಟ್ಟ ಭೂಮಿಗೆ ಎಲ್ಲೆ ಹೇಳುವಾಗ ಶಾಸನಗಳು ದಿಕ್ಕು ದಿಕ್ಕಿಗೂ ಗುರುತು ಕೊಡುತ್ತವೆ. ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಮೊರಡಿ, ಹೀಗೆ. ಆ ಬರವಣಿಗೆಯಲ್ಲಿ ಗುಡ್ಡ ಎಂದರೆ ಸಾಕ್ಷಿ. ಜಗಳ ಬಂದಾಗ ನಿಂತು ಹೇಳುವ ಸಾಕ್ಷಿ. ಆ ಶಾಸನದ ಪಾಠವನ್ನು ಕೈಯಲ್ಲಿ ಹಿಡಿದು ಅದೇ ನೆಲದ ಪಹಣಿ ತೆಗೆಸಿ ನೋಡಿ. ಸಾಗುವಳಿಗೆ ಬಾರದ ಕಲ್ಲು ಜಾಗ, ಗುಡ್ಡದ ಇಳಿಜಾರು ಅಲ್ಲಿ ‘ಖರಾಬು’ ಆಗಿರುತ್ತದೆ. ಗಣಿ ಯೋಜನೆಯ ಕಾಗದದಲ್ಲಿ ಅದು ‘ನಿಕ್ಷೇಪ’. ಕಲ್ಲಿನ ಮೇಲಿರುವ ಮಣ್ಣಿಗೆ ಗಣಿಯ ಭಾಷೆಯಲ್ಲಿ ‘ಓವರ್‌ಬರ್ಡನ್’ ಎಂದು ಹೆಸರು, ಅಂದರೆ ತೆಗೆದು ಬಿಸಾಡಬೇಕಾದ ಹೊರೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಆ ತೊಗರಿಯ ರುಚಿಗೆ ಈ ಸೀಮೆಯ ಮಣ್ಣೇ ಕಾರಣ ಎಂದು ಹೆಮ್ಮೆಯಿಂದ ಹೇಳಿಕೊಂಡೆವು. ಅದೇ ಸೀಮೆಯ ಮಣ್ಣು ಇನ್ನೊಂದು ಕಾಗದದಲ್ಲಿ ಹೊರೆ.

ಸಾಕ್ಷಿ, ಮೈದಾನ, ಖರಾಬು, ನಿಕ್ಷೇಪ. ಶಾಸನ, ಪಠ್ಯಪುಸ್ತಕ, ಪಹಣಿ, ಗಣಿ ಯೋಜನೆ ಎಂಬ ನಾಲ್ಕು ಕಾಗದಗಳಲ್ಲಿ ಒಂದೇ ನೆಲಕ್ಕೆ ನಾಲ್ಕು ಹೆಸರು. ಇವುಗಳಲ್ಲಿ ಅಲ್ಲಿ ಬದುಕುವವರನ್ನು ಕೇಳಿ ಬರೆದ ಹೆಸರು ಎಷ್ಟು? ಚಿಂಚೋಳಿಯ ಕಡೆ ಕ್ಷೇತ್ರಕಾರ್ಯ ಮಾಡುವಾಗ ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು, ಈ ಗುಡ್ಡಕ್ಕೆಲ್ಲ ಹೆಸರಿವೆಯೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೆಸರ ಇಲ್ಲಂದ್ರ ದನ ಯಾವ ಗುಡ್ಡಕ್ಕ ಹೋಗ್ಯಾವಂತ ಹ್ಯಾಂಗ ಹೇಳಬೇಕವ್ವಾ?” ಎಂದರು. ಆಮೇಲೆ ಬೆರಳು ಮಾಡಿ ಒಂದೊಂದೇ ಹೆಸರು ಹೇಳುತ್ತ ಹೋದರು. ಒಂದು ಗುಡ್ಡಕ್ಕೆ ದೇವರ ಹೆಸರು, ಒಂದಕ್ಕೆ ಮರದ್ದು, ಒಂದಕ್ಕೆ ಅಲ್ಲಿ ಸತ್ತವನದು. ಕನ್ನಡ, ತೆಲುಗು, ಲಂಬಾಣಿ ಮೂರೂ ಅದರಲ್ಲಿದ್ದವು. ನಕಾಶೆಯಲ್ಲಿ ಅವುಗಳ ಜಾಗದಲ್ಲಿ ಎತ್ತರದ ಅಂಕಿಗಳು ಮಾತ್ರ ಇವೆ.

ನಾವು ಹೆಸರು ಬದಲಿಸುವುದರಲ್ಲಿ ಹಿಂದೆ ಬಿದ್ದವರಲ್ಲ. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಎರಡಕ್ಕೂ ಸಂಭ್ರಮಪಟ್ಟೆವು. ನಾಮಫಲಕದ ಮೇಲಿನ ಹೆಸರಿಗೆ ಇಷ್ಟು ಶ್ರಮಪಡುವ ನಾಡು, ಜನರ ಬಾಯಲ್ಲಿ ಆಗಲೇ ಇರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಲು ಒಬ್ಬ ಗುಮಾಸ್ತನನ್ನೂ ಕಳಿಸಿಲ್ಲವೆಂದರೆ ಅದನ್ನು ಅಭಿಮಾನ ಎನ್ನಬೇಕೋ ಬೇಡವೋ?

ಈಗ ಸಾಹಿತ್ಯದ ಮಾತು. ಕನ್ನಡದಲ್ಲಿ ‘ಮಲೆ’ ಎಂದೊಡನೆ ಮಳೆ, ಅಡಿಕೆ, ಮಂಜು, ಕುವೆಂಪು, ತೇಜಸ್ವಿ ನೆನಪಾಗುತ್ತಾರೆ. ಅವರು ತಮ್ಮ ಮಲೆಯನ್ನು ಬರೆದರು, ಬರೆಯಲೇಬೇಕಿತ್ತು. ದೂರು ಅವರ ಮೇಲಲ್ಲ. ಅವರ ಮಲೆಯನ್ನೇ ಕನ್ನಡದ ಏಕೈಕ ಮಲೆ ಮಾಡಿಕೊಂಡ ನಮ್ಮ ವಿಮರ್ಶೆಯ ಮೇಲೆ. ಹಸಿರಿಲ್ಲದ ಗುಡ್ಡ ನಮಗೆ ಗುಡ್ಡವಾಗಿ ಕಾಣುವುದಿಲ್ಲ. ಎಲೆ ಉದುರಿಸಿಕೊಂಡು ಬೇಸಿಗೆ ಕಳೆಯುವ ಕಾಡು ಕಾಡಾಗಿ ಕಾಣುವುದಿಲ್ಲ. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕಲಬುರಗಿಯ ನುಡಿ, ಕಲಬುರಗಿಯ ಬಡತನದ ಬಗ್ಗೆ ಮಾತಾಡಿದೆವು. ಮಲೆನಾಡಿನ ಕಾದಂಬರಿ ಬಂದರೆ ಅದು ‘ಪ್ರಕೃತಿ’, ನಮ್ಮದು ಬಂದರೆ ‘ಪ್ರಾದೇಶಿಕ’. ಪ್ರಕೃತಿ ಅವರಿಗೆ, ಬಡತನ ನಮಗೆ ಎಂದು ಹಂಚಿದವರು ಯಾರು?

ಈ ಹಂಚಿಕೆಯ ಫಲ ರಾಜಕೀಯದಲ್ಲಿ ಕಾಣುತ್ತದೆ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟಗಳ ವರದಿ ಕೊಟ್ಟಿತು. ಅದರ ಪರವಾಗಿ, ವಿರೋಧವಾಗಿ ನಾಡಿನಲ್ಲಿ ಎಷ್ಟು ಸಭೆ, ಎಷ್ಟು ಲೇಖನ! ಜಗಳವೂ ಒಂದು ಬಗೆಯ ಗೌರವವೇ. ಅದೇ 2011ರಲ್ಲಿ ಚಿಂಚೋಳಿಯ ಸುಮಾರು 135 ಚದರ ಕಿ.ಮೀ. ಕಾಡು ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿ ಇರುವ ಒಣನಾಡಿನ ಧಾಮ. ಕನ್ನಡದ ಸಾಹಿತ್ಯ ಪತ್ರಿಕೆಗಳಲ್ಲಿ ಅದರ ಬಗ್ಗೆ ಎಷ್ಟು ಬರಹ ಓದಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇಲ್ಲಿ ಇನ್ನೊಂದು ಕಡೆಯ ಮಾತಿಗೂ ಉತ್ತರ ಹೇಳಬೇಕು. ಗುಡ್ಡದ ಹೆಸರು ಹೇಳಿಕೊಂಡು ಬರುವವರು ಕೊನೆಗೆ ತಾಂಡಾಗಳನ್ನು ಎಬ್ಬಿಸುತ್ತಾರೆ ಎಂಬ ಭಯ ಚಿಂಚೋಳಿಯ ಲಂಬಾಣಿಗಳಲ್ಲಿದೆ. ಅದು ಸುಳ್ಳು ಭಯವಲ್ಲ. 2023ರ ಜನವರಿಯಲ್ಲಿ ಇದೇ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. ತಲೆಮಾರುಗಳಿಂದ ಇದ್ದ ಮನೆಗೆ ಕಾಗದ ಸಿಗಲು ಅಷ್ಟು ಕಾಲ ಬೇಕಾಯಿತು ಎಂದರೆ, ಕಾಡಿನೊಳಗಿನ ತಾಂಡಾದವರ ಆತಂಕ ಎಷ್ಟಿರಬೇಕು. ಗುಡ್ಡದ ಹೆಸರುಗಳು ಯಾರ ಬಾಯಲ್ಲಿ ಉಳಿದಿವೆಯೋ ಅವರನ್ನೇ ಗುಡ್ಡದಿಂದ ಇಳಿಸಿ ಗುಡ್ಡ ಉಳಿಸಿದೆವು ಎನ್ನುವುದು ನನ್ನ ಪಕ್ಷವಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಿಮೆಂಟಿನದು. ಶಹಾಬಾದಿನಲ್ಲಿ ನಿಜಾಮನ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1874ರಲ್ಲಿ ಸಿಕಂದರಾಬಾದಿಗೆ ರೈಲು ಕವಲೊಡೆದಾಗ ಜಂಕ್ಷನ್ ಆದ ವಾಡಿ, 1960ರ ದಶಕದ ಕೊನೆಗೆ ಸಿಮೆಂಟ್ ಊರಾಯಿತು. ಆಮೇಲೆ ಸೇಡಂ, ಮಳಖೇಡ, ಚಿತ್ತಾಪುರ ತಾಲ್ಲೂಕಿನ ಹಳ್ಳಿಗಳು. ನಮ್ಮ ಮನೆಗಳಲ್ಲಿ ಅದರ ಸಂಬಳ ಇದೆ, ಗೋಡೆಗಳಲ್ಲಿ ಅದರ ಸಿಮೆಂಟ್ ಇದೆ. ನೀನು ಬರೆಯುವ ಕೋಣೆ ಯಾವುದರದು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಕಾರ್ಖಾನೆ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಶಹಾಬಾದ್ ಆಗಲೇ ಅನುಭವಿಸಿದೆ. ಅಲ್ಲಿಯ ಹಳೆಯ ಕಾರ್ಖಾನೆಗಳು ನಿಂತ ಮೇಲೆ ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಹೈದರಾಬಾದಿನ ರೈಲು ಹತ್ತಿದರು.

ಆದರೆ ಶಹಾಬಾದಿನ ಪಾಠದ ಇನ್ನರ್ಧವನ್ನೂ ಹೇಳಬೇಕು. ಕಾರ್ಖಾನೆ ಹೋಗುತ್ತದೆ, ಖಣಿ ಉಳಿಯುತ್ತದೆ. ಫರಸಿ ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಅಂಚಿನಲ್ಲಿ ಒಡೆದ ಕಲ್ಲಿನ ರಾಶಿ ಗುಡ್ಡದಂತೆ ಎದ್ದಿರುತ್ತದೆ. ಈ ಸೀಮೆಯಲ್ಲಿ ಮನುಷ್ಯ ಕಟ್ಟಿದ ಗುಡ್ಡ ಅದೊಂದೇ. ಉದ್ಯೋಗ ಬೇಕು ಎಂಬುದಕ್ಕೂ ನೆಲದ ಲೆಕ್ಕ ಬೇಡ ಎಂಬುದಕ್ಕೂ ಸಂಬಂಧವಿಲ್ಲ. ಎಷ್ಟು ಟನ್ ಕಲ್ಲು ಹೋಯಿತು ಎಂದು ಬರೆದಿಡಲು ತೂಕದ ಸೇತುವೆ ಇದೆ. ಆ ಕಲ್ಲಿನ ಮೇಲೆ ಏನಿತ್ತು ಎಂದು ಬರೆದಿಡಲು ಏನಿದೆ?

ನೆಲ ಸುಮ್ಮನೆ ಬಿದ್ದಿರುವ ವಸ್ತುವಲ್ಲ ಎಂಬುದನ್ನು ಅದೇ ಒಮ್ಮೆ ಹೇಳಿತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ಗುಡುಗಿ ನಡುಗಿತು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ನಾನಿದನ್ನು ಗಣಿಗೆ ಗಂಟು ಹಾಕುತ್ತಿಲ್ಲ. ಕೆಲವು ದಿನ ಟಿ.ವಿ.ಯವರು ಬಂದರು, ಆಮೇಲೆ ನಿಂತರು. ತಮ್ಮ ಕಾಲ ಕೆಳಗೆ ಎಂಥ ಕಲ್ಲಿದೆ, ನೀರು ಅದರಲ್ಲಿ ಹೇಗೆ ಇಳಿಯುತ್ತದೆ ಎಂದು ಕನ್ನಡದಲ್ಲಿ ಓದಿಕೊಳ್ಳಲು ಆ ಹಳ್ಳಿಯ ಮಕ್ಕಳ ಕೈಯಲ್ಲಿ ಇದ್ದದ್ದು ‘ಉತ್ತರ ಮೈದಾನ’ದ ಅದೇ ಒಂದು ಪುಟ.

ಹಾಗಾದರೆ ಏನು ಬೇಕು? ಮೂರು ಕೆಲಸ. ಮೂರೂ ದೊಡ್ಡವಲ್ಲ.

ಮೊದಲನೆಯದು, ದುಡ್ಡು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಗಣಿಯ ರಾಜಧನದ ಜೊತೆಗೆ ಅದರ ಒಂದು ಪಾಲು ಗಣಿಬಾಧಿತ ಜನರಿಗಾಗಿ ಅಲ್ಲಿಗೆ ಬರುತ್ತದೆ. ಅದರಲ್ಲಿ ಒಂದು ಸಣ್ಣ ಭಾಗವನ್ನು ಈ ತಾಲ್ಲೂಕುಗಳ ಗುಡ್ಡ, ಹಳ್ಳ, ಬಾವಿ, ಶಾಸನ, ನಟ್ಟ ಕಲ್ಲುಗಳ ಹೆಸರು ದಾಖಲಿಸಲು ಮೀಸಲಿಡಲಿ. ಕೆಲಸವನ್ನು ಊರಿನ ಪದವೀಧರರಿಗೇ ಕೊಡಲಿ. ಹೊಸದಾಗಿ ನೆಲ ಅಗೆಯುವ ಮೊದಲು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ.

ಎರಡನೆಯದು, ಪಠ್ಯಪುಸ್ತಕ. ಉತ್ತರ ಮೈದಾನದ ಪಾಠಕ್ಕೆ ಒಂದು ಪುಟ ಸೇರಿಸಿದರೆ ಸಾಕು. ಬಾಲಾಘಾಟ್ ಸಾಲು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ, ಗೋದಾವರಿ ಮತ್ತು ಕೃಷ್ಣೆಯ ನೀರು ಎಲ್ಲಿ ಬೇರೆಯಾಗುತ್ತದೆ, ಶಹಾಬಾದ್ ಕಲ್ಲು ಹೇಗೆ ಹುಟ್ಟಿತು. ಸೇಡಮ್ಮಿನ ಹುಡುಗಿಗೆ ತನ್ನ ಮನೆಯ ನೆಲದ ಫರಸಿ ಒಂದು ಕಾಲದ ಕಡಲು ಎಂದು ಹೇಳಿಕೊಡಲು ಪ್ರಯೋಗಾಲಯ ಬೇಕಾಗಿಲ್ಲ, ಅವಳು ಅದರ ಮೇಲೇ ಕೂತಿರುತ್ತಾಳೆ.

ಮೂರನೆಯದು ನಮ್ಮ ಕೆಲಸ, ಕನ್ನಡ ವಿಭಾಗಗಳದ್ದು. ಶಾಸನವನ್ನು ಲಿಪಿ, ಭಾಷೆ, ರಾಜವಂಶ ಎಂದು ಮೂರು ಪತ್ರಿಕೆಗೆ ಹಂಚಿ ಓದುವುದನ್ನು ಇನ್ನಾದರೂ ಬಿಟ್ಟು, ಅದರಲ್ಲಿ ಹೇಳಿದ ಹಳ್ಳ ಈಗ ಎಲ್ಲಿದೆ, ಆ ಮೊರಡಿ ಇನ್ನೂ ಇದೆಯೇ ಎಂದು ನಡೆದು ನೋಡುವುದನ್ನು ಪಠ್ಯದ ಭಾಗ ಮಾಡಬೇಕು. ‘ಕವಿರಾಜಮಾರ್ಗ’ ಓದಿಸುವ ಪ್ರತಿ ವಿಭಾಗ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಮಳಖೇಡದ ಕೋಟೆಗೆ ಕರೆದೊಯ್ದು ವಾಪಸ್ ಬರುವುದಲ್ಲ, ಅಲ್ಲಿಂದ ಇನ್ನೂ ಮುಂದೆ ಚಿಂಚೋಳಿಯ ಗುಡ್ಡ ಹತ್ತಿಸಬೇಕು. ಮಾರ್ಗ ಎಂಬ ಪದಕ್ಕೆ ನಡೆಯುವ ದಾರಿ ಎಂಬ ಅರ್ಥವೂ ಇದೆ.

ಇದನ್ನು ಓದಿದ ಮಲೆನಾಡಿನ ಗೆಳೆಯರು ಬೇಸರ ಮಾಡಿಕೊಳ್ಳಬೇಕಿಲ್ಲ. ಅವರ ಮಲೆಯಿಂದ ಒಂದು ಹಿಡಿ ಮಣ್ಣೂ ಕಡಿಮೆಯಾಗುವುದಿಲ್ಲ. ನಮ್ಮ ಸೀಮೆಗೆ ಹೊಸ ಗುಡ್ಡ ಬೇಕಾಗಿಲ್ಲ. ಇರುವ ಗುಡ್ಡವನ್ನು ಗುಡ್ಡ ಎಂದು ಬರೆಯಿರಿ, ಸಾಕು. ಹಾಗೆ ಬರೆದ ಮೇಲೆ ಅದನ್ನು ಅಗೆಯಲೇಬೇಕು ಎನ್ನುವವರು ಬರಲಿ, ವಾದಿಸೋಣ. ಆದರೆ ಆಗ ಅವರು ಖರಾಬನ್ನು ಕೇಳುತ್ತಿರುವುದಿಲ್ಲ, ಹೆಸರಿರುವ ಒಂದು ಗುಡ್ಡವನ್ನು ಕೇಳುತ್ತಿರುತ್ತಾರೆ.